ಸರ್ಕಾರಿ ಶಾಲೆಯ ಸೈಬರ್ ಭದ್ರತೆ: ಓಟಿಪಿ ಯಾರ ಫೋನಿಗೆ ಹೋಗುತ್ತಿದೆ ಎಂಬಲ್ಲಿಂದ ಶುರು ಮಾಡಿ

ತಮ್ಮೂರಿನ ಸರ್ಕಾರಿ ಶಾಲೆಗೆ ನೆರವಾಗಲು ಹೊರಟ ಹಳೆಯ ವಿದ್ಯಾರ್ಥಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಕಂಪ್ಯೂಟರ್ ಬಲ್ಲ ಶಿಕ್ಷಕರು ಹೆಚ್ಚುಕಡಿಮೆ ಒಂದೇ ಕಡೆ ಎಡವುತ್ತಾರೆ. ಮೊದಲ ದಿನವೇ ಆಂಟಿವೈರಸ್ ಕೊಳ್ಳುತ್ತಾರೆ. ಎಲ್ಲೋ ಸಿಕ್ಕ ಚೆಕ್‌ಲಿಸ್ಟ್ ಪ್ರಿಂಟ್ ತೆಗೆದು ಎಲ್ಲ ಸಾಲಿಗೂ ‘ಹೌದು’ ಎಂದು ಟಿಕ್ ಹಾಕುತ್ತಾರೆ. ಮೂರು ತಿಂಗಳು ಬಿಟ್ಟು ಹೋಗಿ ನೋಡಿದರೆ ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಪೋರ್ಟಲ್‌ನ ಪಾಸ್‌ವರ್ಡ್ ಹಾಗೇ ಗೋಡೆಯ ಕ್ಯಾಲೆಂಡರ್ ಮೇಲೆ ಇರುತ್ತದೆ.

ಇವರಲ್ಲಿ ಯಾರಿಗೂ ಶ್ರದ್ಧೆ ಕಮ್ಮಿ ಇಲ್ಲ. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿದೆ. ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಗೊತ್ತಿಲ್ಲದೆ ಹೊಸ ಬೀಗ ಕೊಂಡರೆ ಏನು ಪ್ರಯೋಜನ ಅಲ್ವಾ? ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕರ್ನಾಟಕದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಜೋಡಿಸಿಕೊಳ್ಳಬೇಕಾದ್ದು

ದಪ್ಪ ರಟ್ಟಿನ ಒಂದು ನೋಟ್‌ಬುಕ್. ಎಕ್ಸೆಲ್ ಶೀಟ್ ಬೇಡ. ಅದನ್ನು ಯಾರೋ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಅಲ್ಲಿಗೆ ನಿಮ್ಮ ಪಟ್ಟಿಯೇ ಹೊಸ ಸೋರಿಕೆ ಆಗುತ್ತದೆ. ಜೊತೆಗೆ ಶಾಲೆಯ ಹೆಸರಿನಲ್ಲಿ ಒಂದು ಸಿಮ್, ಅದನ್ನು ಹಾಕಲು ಒಂದು ಸಾದಾ ಕೀಪ್ಯಾಡ್ ಫೋನ್, ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಕೆಲವು ಗಟ್ಟಿ ಲಕೋಟೆ, ಬೀಗ ಇರುವ ಒಂದು ಬೀರು ಬೇಕು. ಇಷ್ಟರಲ್ಲಿ ಹೆಚ್ಚು ದುಡ್ಡು ಖರ್ಚಾಗುವುದು ಫೋನಿಗೆ ಮತ್ತು ಡಿಸ್ಕಿಗೆ.

ಸಮಯ ನೋಡಿಕೊಂಡು ಹೋಗಿ. ಜೂನ್‌ನಲ್ಲಿ ದಾಖಲಾತಿ, ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ. ಆಗ ಯಾರಿಗೂ ಬಿಡುವಿರುವುದಿಲ್ಲ. ದಸರಾ ರಜೆ ಮುಗಿದ ಮೇಲಿನ ದಿನಗಳು ಒಳ್ಳೆಯವು.

ಹಂತ 1: ಲಿಖಿತ ಅನುಮತಿ ಪಡೆಯಿರಿ

ಮುಖ್ಯ ಶಿಕ್ಷಕರಿಂದ ಒಂದು ಪುಟದ ಅನುಮತಿ ಪತ್ರ ತೆಗೆದುಕೊಳ್ಳಿ. ಏನು ನೋಡುತ್ತೀರಿ, ಏನು ಮುಟ್ಟುವುದಿಲ್ಲ ಎಂದು ಅದರಲ್ಲಿ ಬರೆದಿರಲಿ. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲೂ ಒಂದು ಸಾಲು ಸೇರಿಸಿ. ನಾಳೆ ಏನಾದರೂ ಎಡವಟ್ಟಾದರೆ ಬೆರಳು ಮೊದಲು ಹೊರಗಿನವರ ಕಡೆಗೇ ತಿರುಗುತ್ತದೆ.

ನೀವು ಹೊರಗಿನವರಾದರೆ ಮೂರು ಕೆಲಸ ಮಾಡಲೇಬಾರದು. ಯಾವ ಪಾಸ್‌ವರ್ಡನ್ನೂ ನೀವು ನೋಡಬೇಡಿ. ಅವರು ಟೈಪ್ ಮಾಡುವಾಗ ಎದ್ದು ಆಚೆ ನಿಲ್ಲಿ. ಮಕ್ಕಳ ಮಾಹಿತಿ ಇರುವ ಯಾವ ಫೈಲನ್ನೂ ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ. ಮೂರನೆಯದು, ಸರ್ಕಾರದ ಪೋರ್ಟಲ್‌ಗಳನ್ನು ‘ಟೆಸ್ಟ್’ ಮಾಡಲು ಹೋಗಬೇಡಿ. ಸದುದ್ದೇಶ ಇದ್ದರೂ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಯೊಳಗೆ ನುಗ್ಗುವುದು ಐಟಿ ಕಾಯ್ದೆ 2000ರ ವ್ಯಾಪ್ತಿಗೆ ಬರುತ್ತದೆ.

ಹಂತ 2: ಖಾತೆಗಳ ಪಟ್ಟಿ ಮಾಡಿ

ಇಡೀ ಕೆಲಸದ ಬೆನ್ನೆಲುಬು ಇದು. ಅರ್ಧ ದಿನ ಪೂರ್ತಿ ಇದಕ್ಕೇ ಕೊಡಿ.

ಶಾಲೆ ಬಳಸುವ ಪ್ರತಿಯೊಂದು ಲಾಗಿನ್ ಬರೆಯಿರಿ. ಎಸ್‌ಎಟಿಎಸ್, ಶಾಲೆಯ ಅಂಕಿಅಂಶ ತುಂಬುವ ಯುಡೈಸ್ ಪ್ಲಸ್, ವಿದ್ಯಾರ್ಥಿಗಳ ಗುರುತಿನ ಸಂಖ್ಯೆಯ ಅಪಾರ್, ವಿದ್ಯಾರ್ಥಿವೇತನದ ಪೋರ್ಟಲ್, ಪರೀಕ್ಷಾ ಮಂಡಳಿಯ ಲಾಗಿನ್, ಸಂಬಳದ ಎಚ್‌ಆರ್‌ಎಂಎಸ್, ಬಿಸಿಯೂಟದ ಲೆಕ್ಕ, ಬ್ಯಾಂಕ್ ಖಾತೆ, ಶಾಲೆಯ ಜಿಮೇಲ್, ಯೂಟ್ಯೂಬ್ ಚಾನೆಲ್, ತರಗತಿವಾರು ವಾಟ್ಸಾಪ್ ಗ್ರೂಪ್‌ಗಳು. ನೆನಪಿನಿಂದ ಬರೆಯಿಸಿದರೆ ಆರೇಳು ಬರುತ್ತವೆ. ಕಚೇರಿಯ ಕಂಪ್ಯೂಟರಿನ ಬ್ರೌಸರ್ ತೆರೆದು ಬುಕ್‌ಮಾರ್ಕ್ ನೋಡಿದರೆ ಪಟ್ಟಿ ಇನ್ನೂ ಉದ್ದ ಆಗುತ್ತದೆ.

ಪ್ರತಿ ಖಾತೆಗೆ ಐದು ಕಾಲಂ ಇರಲಿ: ಲಾಗಿನ್ ಹೆಸರು, ಓಟಿಪಿ ಬರುವ ಮೊಬೈಲ್ ನಂಬರ್ ಮತ್ತು ಅದು ಯಾರದ್ದು, ಜೋಡಿಸಿದ ಇಮೇಲ್, ಬಳಸುವವರು ಯಾರ್‍ಯಾರು, ಪಾಸ್‌ವರ್ಡ್ ಕೊನೆಯ ಸಲ ಬದಲಿಸಿದ್ದು ಯಾವಾಗ. ಪಾಸ್‌ವರ್ಡನ್ನು ಮಾತ್ರ ಇಲ್ಲಿ ಬರೆಯಬೇಡಿ.

ಎರಡನೇ ಕಾಲಂ ತುಂಬುವಾಗ ನಿಧಾನ ಮಾಡಿ. ನಾನು ಕೂತು ಪಟ್ಟಿ ಮಾಡಿಸಿದ ಒಂದು ಶಾಲೆಯಲ್ಲಿ ಮುಖ್ಯವಾದ ಒಂದು ಲಾಗಿನ್‌ನ ಓಟಿಪಿ ನಿವೃತ್ತರಾದ ಮುಖ್ಯ ಶಿಕ್ಷಕರ ಫೋನಿಗೇ ಹೋಗುತ್ತಿತ್ತು. ಅವರು ತೋಟಕ್ಕೆ ಹೋದರೆ ನೆಟ್‌ವರ್ಕ್ ಇಲ್ಲ. ಅರ್ಜಿಯ ಕೊನೆಯ ದಿನ ಶಿಕ್ಷಕಿಯೊಬ್ಬರು ಬೈಕ್ ಹತ್ತಿ ಅವರನ್ನು ಹುಡುಕಿಕೊಂಡು ಹೋಗಿದ್ದರು. ಆ ಹಿರಿಯರು ಒಳ್ಳೆಯವರು, ಪ್ರತಿ ಸಲವೂ ಓಟಿಪಿ ಹೇಳುತ್ತಿದ್ದರು. ಆದರೆ ಆ ಫೋನ್ ಕಳೆದುಹೋಗಿದ್ದರೆ?

ಅಪಾಯದ ಗುರುತುಗಳು ಇವು. ವರ್ಗಾವಣೆಯಾಗಿ ಹೋದವರ ನಂಬರ್ ಇನ್ನೂ ಇದ್ದರೆ. ಊರಿನ ಸೈಬರ್ ಸೆಂಟರ್‌ನವರ ನಂಬರ್ ಇದ್ದರೆ ಅದು ಇನ್ನೂ ಕೆಟ್ಟದ್ದು. ‘ಪಾಸ್‌ವರ್ಡ್ ನಮಗೆ ಗೊತ್ತಿಲ್ಲ, ಅವರೇ ಮಾಡಿಕೊಡ್ತಾರೆ’ ಎಂಬ ಮಾತು ಕಿವಿಗೆ ಬಿದ್ದರೆ ಆ ಖಾತೆಯ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.

ಹಂತ 3: ಒಂದು ಮಗುವಿನ ಕಾಗದದ ಹಿಂದೆ ನಡೆಯಿರಿ

ಚೆಕ್‌ಲಿಸ್ಟ್‌ನಲ್ಲಿ ‘ವೈಯಕ್ತಿಕ ಮಾಹಿತಿ ಸುರಕ್ಷಿತವಾಗಿದೆಯೇ’ ಎಂಬ ಪ್ರಶ್ನೆ ಇರುತ್ತದೆ. ಉತ್ತರ ಬೇಕಾದರೆ ಒಂದೇ ಒಂದು ಮಗುವಿನ ಆಧಾರ್ ಪ್ರತಿ ಹಿಡಿದು ಅದು ಎಲ್ಲೆಲ್ಲಿ ಹೋಯಿತು ಎಂದು ಹಿಂಬಾಲಿಸಿ.

ದಾಖಲಾತಿ ದಿನ ತಂದೆ ಜೆರಾಕ್ಸ್ ಅಂಗಡಿಗೆ ಹೋಗಿ ಪ್ರತಿ ತೆಗೆಸಿದರು. ಅದು ಸರಿಯಾಗಿ ಕಾಣಲಿಲ್ಲ ಎಂದು ತರಗತಿ ಶಿಕ್ಷಕರು ವಾಟ್ಸಾಪ್‌ನಲ್ಲಿ ಫೋಟೋ ಕೇಳಿದರು. ತಂದೆ ಅದನ್ನು ಗ್ರೂಪಿಗೇ ಹಾಕಿದರು. ಅಲ್ಲಿದ್ದ ಹತ್ತಾರು ಪೋಷಕರ ಫೋನಿನ ಗ್ಯಾಲರಿಗೆ ಅದು ತಾನಾಗಿಯೇ ಇಳಿಯಿತು. ಶಿಕ್ಷಕರ ಫೋನಿನಿಂದ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಯಿತು. ಶಾಲೆಯಲ್ಲಿ ಕರೆಂಟ್ ಇಲ್ಲದ ದಿನ ಅರ್ಜಿ ತುಂಬಲು ಸೈಬರ್ ಸೆಂಟರ್‌ಗೆ ಹೋದರು, ಅಲ್ಲಿನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಒಂದು ಪ್ರತಿ ಉಳಿಯಿತು. ತಪ್ಪಾಗಿ ಬಂದ ಪ್ರಿಂಟ್‌ಗಳು ರದ್ದಿಗೆ ಹೋದವು. ಆಧಾರ್ ಜೊತೆಗೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟವೂ ಇದೇ ದಾರಿಯಲ್ಲಿ ನಡೆದಿರುತ್ತವೆ.

ಇದನ್ನು ಹಾಳೆಯ ಮೇಲೆ ಬಾಣ ಹಾಕಿ ಬರೆದು ಶಿಕ್ಷಕರಿಗೆ ತೋರಿಸಿ. ಯಾವ ಭಾಷಣವೂ ಮಾಡದ ಕೆಲಸವನ್ನು ಆ ಒಂದು ಹಾಳೆ ಮಾಡುತ್ತದೆ.

ಆಮೇಲೆ ಅವತ್ತೇ ಮಾಡಬಹುದಾದ ಬದಲಾವಣೆಗಳು. ಪೋಷಕರ ಗ್ರೂಪಿನಲ್ಲಿ ದಾಖಲೆಯ ಫೋಟೋ ಹಾಕುವುದು ನಿಲ್ಲಬೇಕು. ‘ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು’ ಎಂಬ ಸೆಟ್ಟಿಂಗ್ ಇದಕ್ಕೆ ಸಾಕು. ಶಿಕ್ಷಕರ ಫೋನಿನಲ್ಲಿ ಕೆಲಸ ಮುಗಿದ ಫೋಟೋ ಅಳಿಸಬೇಕು, ಟ್ರ್ಯಾಶ್ ಫೋಲ್ಡರ್‌ನಿಂದಲೂ. ಗುರುತಿಗೆ ಮಾತ್ರ ಆಧಾರ್ ಬೇಕಿದ್ದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೇಳಿ. ಅದನ್ನು ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಬೇಡವಾದ ಪ್ರತಿಗಳನ್ನು ಹರಿದು ಚೂರು ಮಾಡಿ, ರದ್ದಿಗೆ ಹಾಕಬೇಡಿ. ಸೈಬರ್ ಸೆಂಟರ್‌ಗೆ ಹೋಗಲೇಬೇಕಾದರೆ ಶಿಕ್ಷಕರೇ ಕೂತು ಟೈಪ್ ಮಾಡಲಿ. ಎದ್ದು ಬರುವ ಮುಂಚೆ ಲಾಗೌಟ್ ಮಾಡಿ ಡೌನ್‌ಲೋಡ್ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಖಾಲಿ ಮಾಡಲಿ.

ಇಲ್ಲಿ ಇನ್ನೊಂದು ಮಾತು. ಆಧಾರ್ ಇಲ್ಲ ಎಂದು ದಾಖಲಾತಿ ನಿರಾಕರಿಸುವಂತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೇಡದ ಕಾಗದ ಕೇಳದಿದ್ದರೆ ಅದನ್ನು ಕಾಯುವ ಕಷ್ಟವೂ ಇಲ್ಲ.

ಹಂತ 4: ಬೀಗ ಬದಲಿಸಿ. ಮೊದಲು ನಂಬರ್, ಆಮೇಲೆ ಪಾಸ್‌ವರ್ಡ್

ಎಲ್ಲಕ್ಕಿಂತ ಜಾಸ್ತಿ ಜನ ಕೈ ಸುಟ್ಟುಕೊಳ್ಳುವುದು ಇಲ್ಲಿ. ಉತ್ಸಾಹದಿಂದ ಪಾಸ್‌ವರ್ಡ್ ಬದಲಿಸುತ್ತಾರೆ, ಒಂದು ಅಕ್ಷರ ತಪ್ಪುತ್ತದೆ, ಮರಳಿ ಪಡೆಯಲು ಹೋದರೆ ಓಟಿಪಿ ಹಳೆಯ ನಂಬರಿಗೆ ಹೋಗುತ್ತದೆ. ಖಾತೆ ಬೀಗ ಬಿದ್ದಂತೆಯೇ. ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆದಾಟ.

ಆದ್ದರಿಂದ ಕ್ರಮ ಹೀಗಿರಲಿ:

1. ಶಾಲೆಯ ಸಿಮ್ ಚಾಲೂ ಆಗಿದೆಯೇ, ಶಾಲೆಯೊಳಗೆ ಸಿಗ್ನಲ್ ಬರುತ್ತದೆಯೇ ನೋಡಿ.
2. ಶಾಲೆಯ ಇಮೇಲ್ ಖಾತೆಗೆ ಆ ನಂಬರ್ ಜೋಡಿಸಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಓಟಿಪಿಯನ್ನೂ ಕೇಳುವ ಸೆಟ್ಟಿಂಗ್) ಆನ್ ಮಾಡಿ.
3. ಒಂದೊಂದೇ ಪೋರ್ಟಲ್‌ನಲ್ಲಿ ಮೊಬೈಲ್ ಮತ್ತು ಇಮೇಲ್ ಬದಲಿಸಿ. ಶಾಲೆಯ ಹಂತದಲ್ಲಿ ಆಗದಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ ಕಚೇರಿಗೆ ಪತ್ರ ಬರೆದು ಬದಲಿಸಿಕೊಳ್ಳಿ.
4. ಹೊಸ ನಂಬರಿಗೆ ಓಟಿಪಿ ಬಂದದ್ದನ್ನು ಕಂಡ ಮೇಲೆಯೇ ಪಾಸ್‌ವರ್ಡ್ ಬದಲಿಸಿ.
5. ಬ್ರೌಸರ್‌ನಲ್ಲಿ ಉಳಿಸಿಟ್ಟ ಹಳೆಯ ಪಾಸ್‌ವರ್ಡ್‌ಗಳನ್ನು ಅಳಿಸಿ.

ದಿನಕ್ಕೆ ಎರಡೋ ಮೂರೋ ಖಾತೆ ಸಾಕು. ಅರ್ಜಿಯ ಕೊನೆಯ ವಾರದಲ್ಲಂತೂ ಮುಟ್ಟಲೇಬೇಡಿ.

ಪಾಸ್‌ವರ್ಡ್ ವಿಚಾರದಲ್ಲಿ ಒಂದು ಎಚ್ಚರಿಕೆ. ಅನೇಕ ಕಡೆ ಶಾಲೆಯ ಯುಡೈಸ್ ಕೋಡನ್ನೇ ಪಾಸ್‌ವರ್ಡ್ ಮಾಡಿರುತ್ತಾರೆ. 29ರಿಂದ ಶುರುವಾಗುವ ಆ 11 ಅಂಕಿಯನ್ನು ಯಾರು ಬೇಕಾದರೂ ಹುಡುಕಿಕೊಳ್ಳಬಹುದು. ಕೆಲವು ಶಾಲೆಗಳ ನಾಮಫಲಕದ ಮೇಲೇ ಬರೆದಿರುತ್ತದೆ. ಊರಿನ ಹೆಸರಿಗೆ 123 ಸೇರಿಸುವುದೂ ಅಷ್ಟೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಆಯ್ದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ನಡುವೆ ಒಂದು ಅಂಕಿ ಮತ್ತು ಚಿಹ್ನೆ ಇರಲಿ. ಉದ್ದವೂ ಆಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ಒಂದೊಂದು ಖಾತೆಗೆ ಒಂದೊಂದು.

ಅಷ್ಟೆಲ್ಲ ನೆನಪಿಡುವುದು ಹೇಗೆ ಎಂದು ಕೇಳುತ್ತಾರೆ. ಹಾಳೆಯ ಮೇಲೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಇಬ್ಬರು ಸಹಿ ಹಾಕಿ ಬೀರುವಿನಲ್ಲಿಡಿ. ತೆರೆದರೆ ತೆರೆದದ್ದು ಗೊತ್ತಾಗುತ್ತದೆ. ಕಾಗದದ ಮೇಲೆ ಬರೆಯಲೇಬಾರದು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೀಗ ಹಾಕಿದ ಬೀರುವಿನ ಲಕೋಟೆ ಫೋನಿನ ನೋಟ್ಸ್ ಆ್ಯಪ್‌ಗಿಂತ ಎಷ್ಟೋ ಮೇಲು.

ಸಿಮ್ ರೀಚಾರ್ಜ್ ಮರೆಯಬೇಡಿ. ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ಆ ನಂಬರನ್ನು ಕಂಪನಿ ಬೇರೆ ಯಾರಿಗೋ ಕೊಡುತ್ತದೆ. ಆಗ ಶಾಲೆಯ ಓಟಿಪಿ ಗುರುತೇ ಇಲ್ಲದವರ ಪಾಲು. ಶಾಲೆಯ ಖರ್ಚಿನ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರಲಿ.

ಹಂತ 5: ಯಂತ್ರಗಳನ್ನು ನೋಡಿ

ಕಚೇರಿಯ ಕಂಪ್ಯೂಟರ್ ಮತ್ತು ಮಕ್ಕಳ ಲ್ಯಾಬ್ ಕಂಪ್ಯೂಟರ್ ಬೇರೆ ಬೇರೆ ಇರಬೇಕು. ಒಂದೇ ಇದ್ದರೆ ಕನಿಷ್ಠ ಎರಡು ಯೂಸರ್ ಖಾತೆ ಮಾಡಿ.

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, ಮುಗಿದಿದೆ. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಲು ಆಗದಿದ್ದರೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. ಪೋರ್ಟಲ್ ಕೆಲಸಕ್ಕೆ ಬ್ರೌಸರ್ ಇದ್ದರೆ ಸಾಕು, ಪತ್ರ ಬರೆಯಲು ಲಿಬ್ರೆ ಆಫೀಸ್ ಇದೆ. ಕದ್ದ ವಿಂಡೋಸ್, ಅದನ್ನು ಚಾಲೂ ಮಾಡುವ ‘ಕ್ರ್ಯಾಕ್’ ಫೈಲು ಕಂಡರೆ ಆ ಯಂತ್ರವನ್ನು ನಂಬಬೇಡಿ. ಬಹಳ ಸಲ ವೈರಸ್ ಬರುವುದೇ ಆ ಫೈಲಿನ ಬೆನ್ನೇರಿ.

ಎಲ್ಲರೂ ಮರೆಯುವ ಜಾಗ ಇನ್ನೊಂದಿದೆ. ರಿಪೇರಿಗೆ ಬಂದವರು ದೂರದಿಂದ ಕಂಪ್ಯೂಟರ್ ನಡೆಸಲು ಎನಿಡೆಸ್ಕ್ ಥರದ ಆ್ಯಪ್ ಹಾಕಿ ಹಾಗೇ ಬಿಟ್ಟು ಹೋಗಿರುತ್ತಾರೆ. ಅದನ್ನು ತೆಗೆದುಹಾಕಿ. ವೈಫೈ ರೂಟರ್ ಮತ್ತು ಸಿಸಿಟಿವಿಯ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದ್ದರೆ ಬದಲಿಸಿ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಕಂಪ್ಯೂಟರ್ ಶುಚಿ ಮಾಡುವ ಉಚಿತ ಸಲಕರಣೆಗಳಿವೆ, ದುಡ್ಡು ಕೊಟ್ಟು ಕೊಳ್ಳುವ ಮೊದಲು ಅವನ್ನು ಬಳಸಿ ನೋಡಿ.

ಹಂತ 6: ಶಾಲೆಯಲ್ಲಿ ಮಾತ್ರ ಇರುವುದಕ್ಕೆ ಬ್ಯಾಕಪ್

ಪೋರ್ಟಲ್‌ನಲ್ಲಿರುವ ಮಾಹಿತಿಯ ಬ್ಯಾಕಪ್ ನಿಮ್ಮ ಹೊಣೆ ಅಲ್ಲ. ಅಂಕಪಟ್ಟಿಯ ಫೈಲುಗಳು, ಟಿಸಿ ಪ್ರತಿಗಳು, ಪತ್ರವ್ಯವಹಾರ, ಲೆಕ್ಕಪತ್ರ ಇವು ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಇವುಗಳಿಗೆ ಮೂರು ಪ್ರತಿ ಬೇಕು. ಕಂಪ್ಯೂಟರ್‌ನಲ್ಲಿ ಒಂದು, ಬೀರುವಿನ ಡಿಸ್ಕ್‌ನಲ್ಲಿ ಒಂದು, ಪಾಸ್‌ವರ್ಡ್ ಹಾಕಿದ ಇನ್ನೊಂದು ಡಿಸ್ಕ್ ಶಾಲೆಯ ಕಟ್ಟಡದ ಹೊರಗೆ ಬೀಗದ ಕೆಳಗೆ. ಎಲ್ಲಿ ಇಡುವುದು ಎಂದು ಮುಖ್ಯ ಶಿಕ್ಷಕರು ಬರೆದು ಕೊಡಲಿ.

ಡಿಸ್ಕನ್ನು ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಬಿಡುವುದು ದೊಡ್ಡ ತಪ್ಪು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಬೀಳುತ್ತದೆ. ಮತ್ತೆ, ತಿಂಗಳಿಗೊಮ್ಮೆ ಡಿಸ್ಕಿನಿಂದ ಒಂದು ಫೈಲ್ ತೆಗೆದು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಹಂತ 7: ಕೆಟ್ಟದ್ದು ನಡೆದ ದಿನಕ್ಕೆ ಒಂದು ಹಾಳೆ

ಗೋಡೆಗೆ ಅಂಟಿಸಬೇಕಾದ ಹಾಳೆ ಇದೊಂದೇ. ಅದರಲ್ಲಿ ಇಷ್ಟು ಬರೆದಿರಲಿ:

1. ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ.
2. ಪರದೆಯ ಮೇಲೆ ಕಂಡದ್ದನ್ನು ಫೋನಿನಲ್ಲಿ ಫೋಟೋ ತೆಗೆದು, ಸಮಯ ಬರೆದುಕೊಳ್ಳಿ.
3. ಬೇರೆ ಸುರಕ್ಷಿತ ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ.
4. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ. ಆಮೇಲೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು.
5. ಬಿಇಒ ಕಚೇರಿಗೆ ಅವತ್ತೇ ಲಿಖಿತ ವರದಿ.
6. ಸರ್ಟ್-ಇನ್‌ಗೆ 6 ಗಂಟೆಯೊಳಗೆ ಮಾಹಿತಿ. ಉಚಿತ ಕರೆ 1800-11-4949.

ಆ 6 ಗಂಟೆಯ ಗಡುವು ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿದೆ. ಅದು ಸರ್ಕಾರಿ ಸಂಸ್ಥೆಗಳಿಗೂ ಅನ್ವಯ. ಮಾಹಿತಿ ಸೋರಿಕೆ, ಅನುಮತಿಯಿಲ್ಲದ ಪ್ರವೇಶ, ರಾನ್ಸಮ್‌ವೇರ್ ಎಲ್ಲ ಅದರೊಳಗೆ ಬರುತ್ತವೆ. ಗಡಿಯಾರ ಓಡಲು ಶುರುವಾಗುವುದು ಘಟನೆ ನಿಮ್ಮ ಗಮನಕ್ಕೆ ಬಂದ ಹೊತ್ತಿನಿಂದ.

ಹೆದರಿಕೆಯಲ್ಲಿ ಎಲ್ಲರೂ ಮೊದಲು ಮಾಡುವುದು ಫಾರ್ಮ್ಯಾಟ್. ಸುಮ್ನೆ ಸಾಕ್ಷಿ ಅಳಿಸಿಹೋಗುತ್ತದೆ.

ಇನ್ನೊಂದು ಗುರುತು ಕಂಪ್ಯೂಟರಿನಲ್ಲಿ ಕಾಣುವುದೇ ಇಲ್ಲ. ‘ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಬಂದಿದೆ, ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂಬ ಕರೆ ಒಬ್ಬ ಪೋಷಕರಿಗೆ ಬಂದರೆ ಅದು ಮಾಮೂಲಿ ಮೋಸ. ಒಂದೇ ತರಗತಿಯ ಮೂರು ನಾಲ್ಕು ಮನೆಗೆ, ಮಗುವಿನ ಹೆಸರು ತರಗತಿ ಸಮೇತ ಬಂದರೆ ಶಾಲೆಯ ಪಟ್ಟಿ ಎಲ್ಲೋ ಸೋರಿರಬಹುದು. ಪೋಷಕರ ಸಭೆಯಲ್ಲಿ ಇದನ್ನು ಹೇಳಿ. ಅಂಥ ಕರೆ ಬಂದರೆ ಶಾಲೆಗೆ ತಿಳಿಸಲಿ, ಯಾರಿಗೂ ಬೈಯುವುದಿಲ್ಲ ಎಂಬ ಧೈರ್ಯ ಅವರಿಗೆ ಕೊಡಿ. ದುಡ್ಡು ಕಳೆದುಕೊಂಡ ತಾಯಿ ನಾಚಿಕೆಯಿಂದ ಬಾಯಿ ಬಿಡದೆ ಕೂತರೆ ಮುಂದಿನ ಮನೆಯೂ ಮುಳುಗುತ್ತದೆ.

ಹಂತ 8: ಈಗ ನಿಯಮದ ಪಟ್ಟಿ ತೆಗೆಯಿರಿ

ಚೆಕ್‌ಲಿಸ್ಟ್‌ಗೆ ಕೈ ಹಾಕಬೇಕಾದ್ದು ಇಲ್ಲಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ನಿಯಮ ಏನು ಕೇಳುತ್ತದೆ, ನಮ್ಮಲ್ಲಿ ಏನಿದೆ, ಸಾಕ್ಷಿ ಎಲ್ಲಿದೆ. ಮೂರನೇ ಕಾಲಂ ಖಾಲಿ ಇದ್ದರೆ ಎರಡನೆಯದರಲ್ಲಿ ‘ಇಲ್ಲ’ ಎಂದೇ ಬರೆಯಿರಿ. ನಿಜ ಬರೆದ ‘ಇಲ್ಲ’ ಮುಂದಿನ ಕೆಲಸ ಯಾವುದು ಎಂದು ತೋರಿಸುತ್ತದೆ. ಸುಳ್ಳು ‘ಹೌದು’ ಅದನ್ನು ಮುಚ್ಚಿಬಿಡುತ್ತದೆ.

ಮುಖ್ಯವಾಗಿ ನೋಡಬೇಕಾದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ 2023. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ಕಾಯುವ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳು. ಈ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಒಂದನೇ ತರಗತಿಯಿಂದ ಹತ್ತರವರೆಗೆ ಹೆಚ್ಚುಕಡಿಮೆ ಇಡೀ ಶಾಲೆ ಅದರೊಳಗೆ ಬಂತು.

ವಿದ್ಯಾರ್ಥಿವೇತನ, ಪ್ರಮಾಣಪತ್ರದಂಥ ಸರ್ಕಾರಿ ಸೌಲಭ್ಯ ಕೊಡಲು ಮಾಹಿತಿ ಬಳಸುವಾಗ ಕೆಲವು ಷರತ್ತಿನ ಮೇಲೆ ಬೇರೆ ಒಪ್ಪಿಗೆ ಬೇಕಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಇದನ್ನು ಕೇಳಿ ‘ಹಾಗಾದರೆ ನಮಗೆ ಇದು ಅನ್ವಯಿಸಲ್ಲ’ ಎಂದು ಬಿಡುವವರು ಜಾಸ್ತಿ. ಒಪ್ಪಿಗೆಗೆ ವಿನಾಯಿತಿ ಇದ್ದರೂ ಮಾಹಿತಿಯನ್ನು ಕಾಯುವ ಹೊಣೆಗೆ ಇಲ್ಲ. ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಅಪಾರ್ ಐಡಿಗೆ ಪೋಷಕರು ಸಹಿ ಮಾಡಿದ ಒಪ್ಪಿಗೆ ಪತ್ರಗಳನ್ನು ತರಗತಿವಾರು ಫೈಲ್ ಮಾಡಿ ಇಡಿ, ಅದೂ ಸಾಕ್ಷಿಯೇ.

ಶಾಲೆಯ ಕೈಯಲ್ಲಿ ಆಗದ್ದನ್ನು ಪ್ರತ್ಯೇಕ ಪುಟದಲ್ಲಿ ಬರೆದು ಬಿಇಒಗೆ ಕೊಡಿ. ಹಳೆಯ ಯಂತ್ರ ಬದಲಿಸುವುದು, ಪೋರ್ಟಲ್‌ನಲ್ಲಿ ಪ್ರತಿ ಶಿಕ್ಷಕರಿಗೂ ಬೇರೆ ಲಾಗಿನ್ ಕೊಡುವುದು ಇಲಾಖೆಯ ಕೆಲಸ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.

ಹಂತ 9: ವರ್ಗಾವಣೆಯ ದಿನ

ಮುಖ್ಯ ಶಿಕ್ಷಕರು ಬದಲಾದಾಗ ಚಾರ್ಜ್ ಪಟ್ಟಿ ಬರೆಯುತ್ತಾರೆ. ಬೆಂಚು, ಬೀರು, ಪಾತ್ರೆ, ಪುಸ್ತಕ ಎಲ್ಲವೂ ಎಣಿಕೆಗೆ ಬರುತ್ತವೆ. ಹಂತ 2ರ ಖಾತೆಗಳ ಪಟ್ಟಿ, ಶಾಲೆಯ ಫೋನು, ಡಿಸ್ಕ್‌ಗಳು, ಅಂಟಿಸಿದ ಲಕೋಟೆಗಳು ಅದೇ ಚಾರ್ಜ್ ಪಟ್ಟಿಗೆ ಸೇರಲಿ. ಹಳಬರು ತಮ್ಮ ಸ್ವಂತ ಫೋನಿನಲ್ಲಿರುವ ಶಾಲೆಯ ಇಮೇಲ್‌ನಿಂದ ಲಾಗೌಟ್ ಆಗಬೇಕು, ವಾಟ್ಸಾಪ್ ಗ್ರೂಪಿನ ಅಡ್ಮಿನ್ ಸ್ಥಾನ ಬಿಟ್ಟುಕೊಡಬೇಕು. ಹೊಸಬರು ಎಲ್ಲ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಅಂಟಿಸಬೇಕು.

ಚಾರ್ಜ್ ಪಟ್ಟಿಗೆ ಸಹಿ ಬೀಳುವ ಮುಂಚೆ ಇಬ್ಬರೂ ಒಟ್ಟಿಗೆ ಕೂತು ಪಟ್ಟಿಯ ಒಂದೊಂದು ಖಾತೆಗೂ ಲಾಗಿನ್ ಆಗಲಿ. ಮೇಜಿನ ಮೇಲಿರುವ ಶಾಲೆಯ ಫೋನಿಗೇ ಓಟಿಪಿ ಬರುತ್ತಿದೆ ಎಂದು ಕಣ್ಣಾರೆ ನೋಡಿ, ಆ ಸಾಲಿನ ಮುಂದೆ ದಿನಾಂಕ ಬರೆಯಲಿ. ಬಾರದ ಖಾತೆ ಒಂದಿದ್ದರೂ ಹಳಬರು ಊರು ಬಿಡುವ ಮೊದಲೇ ಅದನ್ನು ಸರಿಮಾಡಿಸಿ.